ಒನ್ಸ್‌ಮೋರ್ ಬೀಳದ ಹಾಡು

“ಒನ್ಸ್‌ಮೋರ್ ಬೀಳಲಿಲ್ಲಂದ್ರ ಅದು ಹಾಡಲ್ಲ ಬಾಯಾರ, ಕೆಮ್ಮು!” ಎಂದರು ನಾಟಕ ಕಂಪನಿಯ ಮಾಲಕ ಗುರುಪಾದಪ್ಪ. ಕೊನೆಯ ಅಂಕಕ್ಕೆ ಇನ್ನೇನು ಗಂಟೆ ಬಾರಿಸಬೇಕಿತ್ತು. ಪರದೆಯ ಸಂದಿನಿಂದ ಅವರು ಖಾನಾಪುರದ ಪ್ರೇಕ್ಷಕರನ್ನು ಇಣುಕಿ ನೋಡುತ್ತಿದ್ದರು. “ಇವತ್ತ ಬೀಳಲಿಲ್ಲಂದ್ರ ಬೆಳಗಾವಿ ಕ್ಯಾಂಪಿನ್ಯಾಗ ಈ ಹಾಡು ತಗದು ಸಿನಿಮಾ ಧಾಟಿ ಹಾಕೂದ. ಬೋರ್ಡಿನ ಮ್ಯಾಲೆ ನಿಮ್ಮ ಹೆಸರೂ ಇರೂದಿಲ್ಲ.”

“ಬೀಳಬಾರದಂತನ ಕಟ್ಟೇನ್ರಿ ಮಾಲಕರ,” ಎಂದಳು ಪ್ರಮಿಳಾ.

“ಏನಂದ್ರಿ?”

“ನಾಟಕದಾಗ ತಂಗಿ ಲಗ್ನದ ದಿವಸ ಅಣ್ಣ ಸಾಯತಾನ. ಸತ್ತಾವ ಎದ್ದು, ಅಂಗಿ ಝಾಡಿಸಿಕೊಂಡು, ಮತ್ತ ಅದ ಹಾಡು ಹಾಡಿದ್ರ ತಂಗಿ ಯಾರ ಸಲುವಾಗಿ ಅಳಬೇಕ್ರಿ?”

“ಹಿಂಗ ಮಾಡೇ ನಿಮ್ಮ ಎರಡೂ ಪಿಚ್ಚರ್ ಮಣ್ಣುಗೂಡಿದ್ವು!”

ಮಾತು ನೇರವಾಗಿ ಬಂದು ನಾಟಿತು. ಪ್ರಮಿಳಾ ಸಂಗೀತ ನೀಡಿದ ಮೊದಲ ಚಿತ್ರ ಡಬ್ಬಿಯಿಂದ ಹೊರಗೆ ಬರಲೇ ಇಲ್ಲ. ಎರಡನೆಯದು ಬೆಳಗಾವಿಯ ಟಾಕೀಸಿನವರೆಗೆ ಬಂದಿತ್ತಾದರೂ, ಗೋಡೆಯ ಮೇಲಿನ ಪೋಸ್ಟರಿನ ಅಂಟು ಒಣಗುವ ಮೊದಲೇ ಹೊರಟುಹೋಯಿತು. ಆಮೇಲೆ ಅವಳನ್ನು ಕರೆದವರು ಗುರುಪಾದಪ್ಪನವರೊಬ್ಬರೇ. ಅದೂ ಧಾಟಿ ಕಟ್ಟುವುದಕ್ಕಲ್ಲ, ಕಾಲು ಹಾರ್ಮೋನಿಯಂ ಬಾರಿಸುವುದಕ್ಕೆ. ಆಯಾ ವರ್ಷ ಕ್ಯಾಸೆಟ್ ಅಂಗಡಿಗಳ ಮುಂದೆ ಮೊಳಗುವ ಸಿನಿಮಾ ಧಾಟಿಗೆ ತಮ್ಮ ಮಾತು ತುಂಬಿ ಹಾಡುವುದು ಕಂಪನಿಯ ಪದ್ಧತಿ. ಹಟ ಹಿಡಿದು ಅವಳು ಪಡೆದುಕೊಂಡದ್ದು ಇದೊಂದೇ ಹಾಡು. ಇದೂ ಸೋತರೆ ಇನ್ನು ಜೀವನಪೂರ್ತಿ ಪರರ ಧಾಟಿಗೆ ಪೆಡಲು ತುಳಿಯುವುದಷ್ಟೇ ಉಳಿಯುತ್ತಿತ್ತು.

ಅಣ್ಣನ ಪಾತ್ರದ ಈರಯ್ಯನವರು ಹಣೆಗೆ ಕೆಂಪು ಬಣ್ಣ ಹಚ್ಚಿಕೊಳ್ಳುತ್ತಲೇ ಕೇಳಿದರು: “ಬಾಯಾರ, ಕಡೀಕ ತಾರ ಷಡ್ಜ ಹಿಡದು ಒಂದು ಉದ್ದಾನ ತಾನ ಹೊಡೀಲೇನು? ಮಂದಿ ಹುಚ್ಚೆದ್ದು ಹೋಗತಾರ.”

“ಸಾಯಾವ್ರಿಗೆ ಅಷ್ಟು ದಮ್ಮು ಎಲ್ಲಿಂದ ಬರ್ತದ್ರಿ ಈರಯ್ಯನವರ? ಕೋಮಲ ರಿಷಭದಾಗ ಬಿಟ್ಟಬಿಡ್ರಿ. ಷಡ್ಜದ ಮನಿತನಕ ಬರೂದ ಬ್ಯಾಡ.”

“ಅರ್ಧಾ ದಾರಿಯೊಳಗ?”

“ಸಾವು ಅಲ್ಲೇ ಬರೂದ್ರಿ.”

ಈರಯ್ಯನವರು ಮಾಲಕರ ಮುಖ ನೋಡಿದರು. ಮಾಲಕರು ತಗಡಿನ ಮಾಡು ನೋಡಿದರು. ಗಂಟೆ ಮೊಳಗಿತು.

ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ಪ್ರಮಿಳಾ ಪೆಡಲಿನ ಮೇಲೆ ಪಾದಗಳನ್ನಿಟ್ಟಳು. ಜೋಗಿಯಾ ರಾಗದಲ್ಲಿ ಹಾಡು ಏರಿತು, ತಂಗಿಯ ಬಾಸಿಂಗವನ್ನು ಮುಟ್ಟಿ ನೋಡಿತು, ಮೆಲ್ಲಗೆ ಇಳಿಯತೊಡಗಿತು. ತಬಲಾದವನಿಗೆ ಅವಳು ಮೊದಲೇ ಹೇಳಿದ್ದಳು. ಕೊನೆಯ ಸಾಲಿಗೆ ಅವನು ಕೈ ಕಟ್ಟಿ ಕುಳಿತ. ಈರಯ್ಯನವರ ದನಿ ಕೋಮಲ ರಿಷಭದ ಮೇಲೆ ನಿಂತಿತು, ನಡುಗಿತು, ಕಡಿದುಹೋಯಿತು. ಅದೇ ಕ್ಷಣದಲ್ಲಿ ಪ್ರಮಿಳಾ ಪೆಡಲಿನಿಂದ ಎರಡೂ ಪಾದ ಎತ್ತಿದಳು. ತಿದಿಯೊಳಗೆ ಉಳಿದಿದ್ದ ಗಾಳಿ ಆ ಸ್ವರವನ್ನು ಇನ್ನೊಂದಿಷ್ಟು ದೂರ ಒಯ್ದು, ಸಣ್ಣದಾಗಿಸಿ, ನಂದಿಸಿಬಿಟ್ಟಿತು.

ಚಪ್ಪಾಳೆ ಬೀಳಲಿಲ್ಲ. ಸೀಟಿ ಇಲ್ಲ. ಒನ್ಸ್‌ಮೋರ್ ಇಲ್ಲವೇ ಇಲ್ಲ.

ಪ್ರಮಿಳಾ ಹಾರ್ಮೋನಿಯಂ ಮೇಲಿನ ಬೆರಳು ತೆಗೆದಳು. ತಾನೇ ಬೇಡಿದ್ದ ಮೌನವಿದು. ಆದರೆ ತುಂಬಿದ ಮೌನ ಯಾವುದು, ಬರಿದಾದ ಮೌನ ಯಾವುದು ಎಂದು ಪ್ರೇಕ್ಷಕರಿಗೆ ಬೆನ್ನು ಮಾಡಿ ಕುಳಿತು ತಿಳಿಯುವ ಬಗೆ ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಪರದೆಯಿಂದ ಗುರುಪಾದಪ್ಪ ಎರಡೂ ಕೈಯಾಡಿಸಿ ಈರಯ್ಯನವರಿಗೆ ಸನ್ನೆ ಮಾಡುತ್ತಿದ್ದರು: ಏಳು, ತಾನ ಹೊಡಿ, ಆಟ ಉಳಿಸು! ಈರಯ್ಯನವರಿಗೆ ಸನ್ನೆ ಬೇಕಾಗಿಯೂ ಇರಲಿಲ್ಲ. ಪ್ರತಿ ಆಟದಲ್ಲಿಯೂ ಸತ್ತು ಎದ್ದು ರೂಢಿಯಾದ ದೇಹವದು. ತಾನಾಗಿಯೇ ಮೊಣಕೈಯೂರಿ ಅರ್ಧ ಮೇಲೆದ್ದಿತು.

“ಏ ಪೋರಾ, ಉಠೂ ನಕೋ!”

ಮುಂದಿನ ಸಾಲಿನಲ್ಲಿ ಜಾಂಬೋಟಿಯ ಕಡೆಯ ಮುದುಕಿಯೊಬ್ಬಳು ಎದ್ದು ನಿಂತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಮರಾಠಿ ಸಾಲದೆಂಬಂತೆ ಕನ್ನಡದಲ್ಲಿ ಗದರಿದಳು: “ಏಳಬ್ಯಾಡ ಅಂದ್ನಿ! ನಮ್ಮ ಕಣ್ಣಾಗಿನ ನೀರು ಇನ್ನೂ ನಿಂತಿಲ್ಲ, ಎಲ್ಲಿಗೆ ಏಳ್ತಿ? ಮಲ್ಕೋ!”

“ಮಲ್ಕೋರಿ!” ಎಂದು ಹಿಂದಿನಿಂದ ಯಾರೋ ಬಿಕ್ಕುತ್ತಲೇ ಕೂಗಿದರು.

ಪ್ರಮಿಳಾ ತಿರುಗಿ ನೋಡಿದಳು. ಸಾಲುಸಾಲಾಗಿ ಜನ ಸೆರಗಿನಲ್ಲಿ, ಟವೆಲಿನಲ್ಲಿ, ಬರಿಗೈಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅತ್ತ ಈರಯ್ಯನವರು ಬೈಸಿಕೊಂಡ ಮಗುವಿನಂತೆ ಸದ್ದಿಲ್ಲದೆ ತಲೆಯನ್ನು ತಂಗಿಯ ತೊಡೆಗೆ ಒಪ್ಪಿಸಿ ಕಣ್ಣು ಮುಚ್ಚಿದರು. ಗುರುಪಾದಪ್ಪ ತಾವೇ ಹಗ್ಗ ಹಿಡಿದು, ಎಂದೂ ಇಲ್ಲದಷ್ಟು ನಿಧಾನವಾಗಿ ಪರದೆ ಇಳಿಸಿದರು. ಅದು ನೆಲ ಮುಟ್ಟಿದ ಮೇಲೆಯೇ ಚಪ್ಪಾಳೆ ಎದ್ದಿತು. ತಗಡಿನ ಗೋಡೆಗಳು ಅದುರಿದವು.

ರಂಗ ಹತ್ತಿ ಬಂದ ಪ್ರಮಿಳಾಳ ಎದುರಿಗೆ ಮಾಲಕರು ಮೊದಲು ಕರೆದದ್ದು ಪೇಂಟರ್ ಲಕ್ಷ್ಮಪ್ಪನನ್ನು. “ಬೆಳಗಾವಿ ಬೋರ್ಡು ಅಳಸೋ. ‘ಸಂಗೀತ: ಪ್ರಮಿಳಾ ದೇಸೂರ’ ಅಂತ ಬರಿ. ನನ್ನ ಹೆಸರಿಗಿಂತ ದೊಡ್ಡದು.” ಬಳಿಕ ಅವಳ ಕಡೆ ತಿರುಗಿ, ಕೆಂಪಾದ ಕಣ್ಣನ್ನು ಬೇರೆಡೆ ಹೊರಳಿಸಿ, “ನಾಟಕದ ಎಲ್ಲಾ ಹಾಡೂ ನೀವ ಕಟ್ರಿ ಬಾಯಾರ. ಆದ್ರ ನಿಮಗ ಕೈ ಮುಗೀತೇನಿ, ಹಾಸ್ಯದ ಹಾಡಿಗಾದ್ರೂ ಒನ್ಸ್‌ಮೋರ್ ಬೀಳಲಿ!” ಎಂದರು.

ಪ್ರಮಿಳಾ ನಕ್ಕಳು, ನಗುವಿನ ನಡುವೆಯೇ ಅವಳ ಕಣ್ಣೂ ತುಂಬಿತು. ರಂಗದ ನಡುವೆ ಈರಯ್ಯನವರು ಇನ್ನೂ ಅಲ್ಲಾಡದೆ ಬಿದ್ದಿದ್ದರು.

“ಏಳ್ರೀ ಈರಯ್ಯನವರ, ಪರದೆ ಬಿತ್ತು,” ಎಂದಳು.

ಈರಯ್ಯನವರು ಕಣ್ಣು ತೆರೆಯಲಿಲ್ಲ. ತುಟಿಗಳು ಮಾತ್ರ ಅಲುಗಿದವು.

“ನನಗ ಬೈದ ಆಯಿ ಮನಿಗಿ ಹೋದಳೇನು, ಮೊದಲ ನೋಡಿ ಬರ್ರಿ.”