ಎರಡನೇ ಕುರ್ಚಿ

ಹೊಸ ಕೋಣೆಯಲ್ಲಿ ಮೊದಲ ಸಲ ಖಾಲಿ ಕಾಡತೂಸುಗಳಿಗೆ ಮದ್ದು ತುಂಬುತ್ತಿದ್ದ ಲೊರೇನ್‌ಗೆ ಐವತ್ತನೆಯದನ್ನು ಮುಚ್ಚಿದ ಮೇಲೆ ಅನುಮಾನ ಬಂತು. ಗಂಡ ವರ್ನನ್‌ನ ಜೋಕಿಗೆ ನಕ್ಕಾಗ ಯಾವುದೋ ಒಂದಕ್ಕೆ ಎರಡು ಸಲ ಸುರಿದೆನೇ? ನಾಳೆ ಮೊಂಟಾನಾದ ಕಾಡಲ್ಲಿ ಮಗಳು ಟೆಸ್ಸಾಳ ಮೊದಲ ಬೇಟೆ. ಲೊರೇನ್ ಮುಚ್ಚಿದ ಕಾಡತೂಸಿನಿಂದ ಗುಂಡು ಕೀಳುವ ಸುತ್ತಿಗೆ ಎತ್ತಿಕೊಂಡಳು.

"ಐವತ್ತೂ ಬಿಚ್ತೀಯಾ? ಒಂದರಲ್ಲಿ ತಾನೇ ಡೌಟು?" ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವರ್ನನ್ ಕಾಫಿ ಹೀರಿದ.

"ಆ ಒಂದು ಯಾವುದು ಹೇಳು, ಮಿಕ್ಕಿದ್ದು ಬಿಡ್ತೀನಿ."

"ನಂಗೇನ್ ಗೊತ್ತು?"

"ಬಂದೂಕು ಸಿಡಿದಾಗ ಟೆಸ್ಸಾ ಮುಖಕ್ಕೆ ಗೊತ್ತಾಗುತ್ತೆ."

ಐವತ್ತನ್ನೂ ಬಿಚ್ಚಿ ಮುಗಿಸಿ ಲೊರೇನ್ ಎದ್ದಳು. "ಏಳು ಮಾರಾಯ."

"ಮತ್ತೆ ತುಂಬಲ್ವಾ?"

"ತುಂಬ್ತೀನಿ. ಕೋಣೆಯಲ್ಲಿ ಒಂದು ಸಾಮಾನು ಜಾಸ್ತಿ ಆಗಿದೆ."

ಅವನು ಕೂತಿದ್ದ ಕುರ್ಚಿಯನ್ನು ಹೊರಗಿಟ್ಟು, ಅವನನ್ನೂ ಅದರ ಪಕ್ಕ ನಿಲ್ಲಿಸಿ, ಬಾಗಿಲು ಹಾಕಿಕೊಂಡಳು.