ಬೋರ್ಡಿನ ಮೇಲಿನ ತಾಯಿ

ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ನಿಜವಾಗತೊಡಗಿದ ಮೇಲೆ, ಮಕ್ಕಳು ತಪ್ಪು ಬರೆದು ಅನಾಹುತವಾದೀತೆಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪ್ರಬಂಧವನ್ನು ಟೀಚರೇ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದರು. ಅಂದು ಸುಲೋಚನಾ ಟೀಚರ್ 'ನನ್ನ ತಾಯಿ' ಬರೆದರು. ತಾಯಿಯದು ದುಂಡು ಮುಖ, ಹಸಿರು ಸೀರೆ. ಆಕೆ ಸದಾ ನಗುತ್ತಾಳೆ, ಎಂದೂ ಬೈಯುವುದಿಲ್ಲ. ಒಂಬತ್ತನೇ ಕ್ಲಾಸು ಒಂದಕ್ಷರ ಬಿಡದೆ ನಕಲು ಮಾಡಿತು.

ಮಧ್ಯಾಹ್ನ ಪಾಲಕರ ಸಭೆಗೆ ಮೂವತ್ತೆಂಟು ತಾಯಂದಿರು ಒಂದೇ ಮುಖ ಹೊತ್ತು ನಗುತ್ತ ಬಂದು ಕೂತರು.

"ಟೀಚರ್, ಇವರಾಗ ನಮ್ಮವ್ವ ಯಾರ್ರೀ?" ಎಂದು ದ್ಯಾಮವ್ವ ಎಂಬ ಹುಡುಗಿ ಅಳುತ್ತ ಕೇಳಿದಳು.

ಮೊದಲು ಬರೆದವರು ತಾವೇ ಎಂಬುದು ನೆನಪಾಗಿ ಟೀಚರ್ ಮನೆಗೆ ಓಡಿದರು. ದಿನವೂ ಹೊಸ್ತಿಲಲ್ಲೇ ಗದರುತ್ತಿದ್ದ ಅವ್ವ ಹಸಿರು ಸೀರೆಯುಟ್ಟು ಬಾಗಿಲು ತೆರೆದಳು.

"ಒಮ್ಮೆರ ಬೈಯವ್ವಾ," ಎಂದರು ಟೀಚರ್.

ಅವ್ವ ನಗುತ್ತಲೇ ಇದ್ದಳು.