ಆಕ್ಸಲಿಗೆ ಸುತ್ತಿದ ಫ್ಲೆಕ್ಸು

ಅಪ್ಪ ತೀರಿಹೋದ ಸುದ್ದಿ ದಾನೇಶ್ವರಿಗೆ ತಿಳಿದದ್ದು ಬಸ್ಸಿನ ಕಿಟಕಿಯಿಂದ.

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೊರಟಿದ್ದ ಬಸ್ಸು ಝಳಕಿಯಲ್ಲಿ ನಿಂತಿತ್ತು. ರಸ್ತೆಯ ಆಚೆ ಒಂದು ತಗಡಿನ ಶೆಡ್ಡು. ಅದರ ಮುಂದೆ ಕಬ್ಬಿನ ಟ್ರೇಲರಿನ ಗಾಲಿಯ ಆಕ್ಸಲೊಂದನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ಮಲಗಿಸಿದ್ದರು. ಎರಡೂ ತುದಿಗಳಿಗೆ ಹಳೆಯ ಫ್ಲೆಕ್ಸನ್ನು ಮಡಿಸಿ, ನೀರಿನ ಕೊಡದಷ್ಟು ದಪ್ಪಗೆ ಸುತ್ತಿ, ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದರು. ಈಚೆಯ ತುದಿಯಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರ. ಅದರ ಕೆಳಗೇ ಅಪ್ಪನ ಮುಖ.

ಬಿಳಿ ಮೀಸೆ, ಹಣೆ ತುಂಬ ವಿಭೂತಿ, ಎದೆಯ ಮುಂದೆ ಜೋಡಿಸಿದ ಕೈ. ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ ರಾಚಪ್ಪನೇ. ಸಂಶಯವಿರಲಿಲ್ಲ.

“ವಿಜಯಪುರ ಇನ್ನೂ ದೂರ ಐತ್ರೀ ಅಕ್ಕಾರ” ಎಂದು ಕಂಡಕ್ಟರ್ ಹೇಳುವಷ್ಟರಲ್ಲಿ ಅವಳು ರಸ್ತೆ ದಾಟಿದ್ದಳು.

ಶೆಡ್ಡಿನ ಯಜಮಾನ ಸೋಮನಿಂಗ ತುಕ್ಕು ತೆಗೆಯಲು ಉಸುಕು ಹೊಡೆಯುವ ಪೈಪು ಹಿಡಿದು, ಮುಖಕ್ಕೆ ಅರಿವೆ ಸುತ್ತಿಕೊಳ್ಳುತ್ತಿದ್ದ.

“ಇವರು ಯಾವಾಗ ತೀರಿಕೊಂಡ್ರು?”

“ಯಾರ್ರಿ?”

ಅವಳು ಬೆರಳು ಮಾಡಿದಳು.

“ನಮಗೇನ್ ಗೊತ್ತ್ರೀ ಯವ್ವಾ. ಗುಜರಿಯಾಂವ ಇಂಡಿ ಕಡಿಂದ ಫ್ಲೆಕ್ಸಿನ ಕಟ್ಟು ತಂದ ಹಾಕಿ ವರ್ಷದ ಮ್ಯಾಲಾತು. ಪುಢಾರಿಗಳ ಮಾರಿನ ಬಾಳ ಬರ್ತಾವ. ಎಷ್ಟ ಉಸುಕ ಬಡದ್ರೂ ನಾಚೂದಿಲ್ಲ ಅವು.”

“ಅವರು ನಮ್ಮ ಅಪ್ಪಾರು.”

ಸೋಮನಿಂಗ ಮುಖದ ಅರಿವೆ ಇಳಿಸಿದ. “ತಪ್ಪ ತಿಳೀಬ್ಯಾಡ್ರಿ ತಂಗಿ” ಎಂದು ಒಂದು ಸ್ಟೂಲು ತಂದಿಟ್ಟ.

ವರ್ಷದ ಮೇಲೆ. ದಾನೇಶ್ವರಿ ಸ್ಟೂಲಿನ ಮೇಲೆ ಕುಳಿತಳು. ಬೇರೆ ಜಾತಿಯ ಮುತ್ತುರಾಜನನ್ನು ಮದುವೆಯಾಗಿ ಸೊಲ್ಲಾಪುರ ಸೇರಿದ ಮೇಲೆ ತವರಿನ ಬಾಗಿಲು ಮುಚ್ಚಿತ್ತು, ನಿಜ. ಆದರೆ ಹಗೆಯವನೂ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುವ ಸೀಮೆ ಇದು. ಹೆತ್ತ ಮಗಳಿಗೆ ಒಂದು ಮಾತು ತಿಳಿಸಬಾರದಿತ್ತೇ?

ಚಿಕ್ಕಮ್ಮ ಹುಚ್ಚವ್ವನ ನಂಬರು ಬಾಯಿಪಾಠವಿತ್ತು. ಹಚ್ಚಿದಳು.

“ಚಿಗವ್ವಾ, ನಾನು ದಾನೇಶ್ವರಿ.”

“ಆ ಹೆಸರಿನಾಕಿ ನಮ್ಮ ಮನ್ಯಾಗ ಈಗ ಯಾರೂ ಇಲ್ಲವ್ವ. ಫೋನ್ ಹಚ್ಚಬ್ಯಾಡ.”

ಕರೆ ಕಡಿದುಹೋಯಿತು. ಸತ್ತ ಮನೆಯಲ್ಲೂ ಸಿಟ್ಟು ಸತ್ತಿಲ್ಲ ಎಂದುಕೊಂಡಳು. ಮತ್ತೆ ಫ್ಲೆಕ್ಸಿನತ್ತ ನೋಡಿದಳು. ಫೋಟೋಕ್ಕೆ ಒಂದು ಹೂಮಾಲೆಯನ್ನೂ ಹಾಕಿಸಿರಲಿಲ್ಲ. ಕಾಕಂದಿರ ಜಿಪುಣತನ ಅವಳಿಗೆ ಹೊಸದಲ್ಲ.

ಅವಳ ಮನೆಯಲ್ಲಿ ಅಪ್ಪನದೊಂದು ಫೋಟೋವೂ ಇರಲಿಲ್ಲ. ದಿನಾ ಪೂಜೆಯ ಹೊತ್ತಿಗೆ ಒಂದು ಬಿಲ್ವಪತ್ರೆ ಏರಿಸುವುದಕ್ಕಾದರೂ ಈ ಮುಖ ಬೇಕು.

“ಅದನ್ನ ಬಿಚ್ಚಿ ಕೊಡ್ರಿ, ಅಣ್ಣಾ.”

“ಈಗ ಬಿಚ್ಚಾಕ ಬರೂದಿಲ್ಲ ತಂಗಿ. ಒಳಗ ಲೇತಿನ್ಯಾಗ ತಿರುವಿ ಕನ್ನಡಿಯಂಗ ಮಾಡಿದ ಜಾಗಾ ಐತಿ, ಬೇರಿಂಗ್ ಕೂಡೂದು ಅಲ್ಲೇ. ಒಂದು ಕಾಳು ಉಸುಕು ಕುಂತ್ರ ಬೇರಿಂಗ್ ಸುಟ್ಟು, ಕಬ್ಬಿನ ಲೋಡಿನಾಗ ಗಾಲಿ ಕಳಚಿ ಬೀಳ್ತೈತಿ. ಉಸುಕ ಹೊಡದು, ಬಣ್ಣ ಹಚ್ಚಿ ಬಿಚ್ಚತೇನಿ. ನಿಮಗ ಕೊಡತೇನಿ.”

“ಅಲ್ಲೀತನಕ ಅವರ ಮಾರಿ?”

“ಮ್ಯಾಲಿನ ಪದರ ಹೋಗ್ತೈತ್ರಿ. ಒಳಗಿನ ಮಡಿಕಿಗೆ ಏನೂ ಆಗಂಗಿಲ್ಲ” ಎಂದು ಸೋಮನಿಂಗ ನೆಲ ನೋಡಿದ.

ಕಂಪ್ರೆಸರ್ ಗುಡುಗಿತು. ದಾನೇಶ್ವರಿ ತಗಡಿನ ಮರೆಗೆ ನಿಂತು ಸೆರಗಿನ ಸಂದಿಯಿಂದ ನೋಡಿದಳು. ಒಂದು ಹಿಡಿ ಮಣ್ಣು ಹಾಕುವ ಭಾಗ್ಯ ತನಗೆ ಸಿಗಲಿಲ್ಲ. ಈಗ ಕಣ್ಣೆದುರಿಗೇ ಬುಟ್ಟಿಗಟ್ಟಲೆ ಉಸುಕು ಆ ಮುಖಕ್ಕೆ ಬಡಿಯುತ್ತಿತ್ತು. ಮಗಳನ್ನು ಬೀದಿಗೆ ಬಿಟ್ಟವನು ಯಾರದೋ ಟ್ರೇಲರನ್ನು ಮೈಯೊಡ್ಡಿ ಕಾಯುತ್ತಿದ್ದ. ನಗುವಂತಿತ್ತು. ಅಳು ಬಂತು. ಬಾಗಿಲು ಹಾಕಿದ್ದು, ಹೆಸರು ಹಿಡಿದು ಕರೆಯದೇ ಹೋದದ್ದು, ಎಲ್ಲವನ್ನೂ ಅವಳು ಅಲ್ಲಿಯೇ ಬಿಟ್ಟುಕೊಟ್ಟಳು. ಸತ್ತವರ ಮೇಲೆ ಎಂಥ ಸಿಟ್ಟು?

ತುಕ್ಕು ಹೋಯಿತು, ಕಬ್ಬಿಣ ಬೆಳ್ಳಗಾಯಿತು. ಸೋಮನಿಂಗ ಗಾಳಿ ಹೊಡೆದು ಧೂಳು ಹಾರಿಸಿ, ಕೆಂಪು ಬಣ್ಣ ಸಿಂಪಡಿಸಿದ. ಬಣ್ಣ ಆರಿದ ಮೇಲೆ ಟ್ಯೂಬಿನ ಪಟ್ಟಿ ಬಿಚ್ಚಿ, ಮಗುವಿನ ಮೈಯ ಅರಿವೆ ತೆಗೆಯುವಂತೆ ಸುತ್ತು ಸುತ್ತಾಗಿ ಬಿಡಿಸಿದ. ಒಳಗಿನ ಲೋಹ ಗ್ರೀಸಿನಲ್ಲಿ ಮಿಂಚಿತು. ಒಂದು ಗೆರೆಯೂ ಬಿದ್ದಿರಲಿಲ್ಲ.

ಫ್ಲೆಕ್ಸನ್ನು ಇಬ್ಬರೂ ನೆಲದ ಮೇಲೆ ಹಾಸಿದರು. ಮಡಿಕೆ ಬಿಚ್ಚುತ್ತಿದ್ದಂತೆ ಮೇಲಿನ ಅಕ್ಷರಗಳು ಒಂದು ತುದಿಗೆ ಸರಿದವು, ಅಪ್ಪ ಇನ್ನೊಂದು ತುದಿಗೆ ಇಳಿದ. ಅವನ ಮುಖ ಅಳಿಸಿತ್ತು. ಜೋಡಿಸಿದ ಕೈ ಉಳಿದಿತ್ತು. ಆ ಕೈಯ ಕೆಳಗೆ, ಪಟ್ಟಿ ಮರೆಮಾಡಿದ್ದ ಸಾಲು: ‘ದುಃಖತಪ್ತ ತಂದೆ, ರಾಚಪ್ಪ’.

“ಚಲೋ ಸುದ್ದಿ ತಂಗಿ” ಎಂದ ಸೋಮನಿಂಗ, ಎದೆಯ ಭಾರ ಇಳಿದವನಂತೆ. “ಅಪ್ಪಾರು ಸತ್ತಿಲ್ರಿ. ಅವರು ಶ್ರದ್ಧಾಂಜಲಿ ಹಾಕಿಸಿದವರು. ಗಟ್ಟಿ ಇರ್ತಾರ…”

ಅವನ ಕಣ್ಣು ನಡುವಿನ ದೊಡ್ಡ ಚಿತ್ರದ ಮೇಲೆ ಬಿತ್ತು. ಅಲ್ಲಿಂದ ಎದ್ದು ಅವಳ ಮುಖಕ್ಕೆ ಬಂತು.

ಒಳಮಡಿಕೆಯಲ್ಲಿ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ದಪ್ಪ ಚೆಂಡುಹೂವಿನ ಮಾಲೆ. ಮಾಲೆಯೊಳಗೆ ಎರಡು ಜಡೆಯ ಕಾಲೇಜು ಹುಡುಗಿ. ಮರಣದ ತಾರೀಖು, ಮುತ್ತುರಾಜನೂ ಅವಳೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾರ ಹಾಕಿಕೊಂಡ ದಿನ. ಅದರಡಿ ಒಂದೇ ಸಾಲು:

‘ಕುಮಾರಿ ದಾನೇಶ್ವರಿಯ ಆತ್ಮಕ್ಕೆ ಪರಶಿವನು ಚಿರಶಾಂತಿ ಕರುಣಿಸಲಿ.’